ನಿಮ್ಮ ಕಂಪ್ಯೂಟರೇ ಸರಿಯಿಲ್ಲ

ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರೂ ತಾನೊಬ್ಬ ಇನ್ನೂ ಕೂತೇ ಇದ್ದೇನೆ ಎಂಬುದು ಡೆಲ್ಮರನಿಗೆ ಗೊತ್ತಾದದ್ದು ಹೆಂಡತಿ ಲಾವೊನ್ ಮೊಣಕೈಯಿಂದ ತಿವಿದ ಮೇಲೆ. ಎದ್ದ. ಕೈಯಲ್ಲಿದ್ದ ಹಾಡಿನ ಪುಸ್ತಕ ಬೇರೆ ಯಾವುದೋ ಪುಟಕ್ಕೆ ತೆರೆದುಕೊಂಡಿತ್ತು, ಸರಿಮಾಡಿಕೊಳ್ಳಲೂ ಮನಸ್ಸಾಗಲಿಲ್ಲ. ಅವನ ಜೀವವೆಲ್ಲ ಕಿವಿಯಲ್ಲಿತ್ತು, ಕಿವಿ ಹೊರಗಿನ ಗಾಳಿಯ ಮೇಲಿತ್ತು. ಚರ್ಚಿನ ಪಡುವಣ ಕಿಟಕಿ ಗಡಗಡ ಎನ್ನುತ್ತಿತ್ತು. ಡಕೋಟಾದಲ್ಲಿ ಕೂತು ಗಾಳಿಗೆ ಹೆದರುತ್ತೇನೆ ಎಂದರೆ ಜನ ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಗುತ್ತದೆ. ಗಾಳಿ ಎದ್ದರೆ ಬೋಲಿನ್ ಮನೆಯ ತೆಂಕಣಕ್ಕೆ ಸಾಲಾಗಿ ನಿಂತ ಆ ಎತ್ತರದ ಕಾಟನ್‌ವುಡ್ ಮರಗಳು ಓಲಾಡುತ್ತವೆ. ಅವು ಓಲಾಡಿದರೆ ಆ ಮನೆಯ ಗೋಡೆಗೆ ತಾನು ಕೈಯಾರೆ ಬಿಗಿದ ಇಂಟರ್ನೆಟ್ ಡಿಶ್‌ಗೂ ಮೇಲಿನ ಉಪಗ್ರಹಕ್ಕೂ ನಡುವಿನ ದಾರಿ ಮುಚ್ಚಿಹೋಗುತ್ತದೆ. ದಾರಿ ಮುಚ್ಚಿದರೆ ಆ ಮುದುಕಿಯ ಕಂಪ್ಯೂಟರಿನ ಮೇಲೆ ಸಂಪರ್ಕ ಇಲ್ಲ ಎಂಬ ಎರಡು ಸಾಲು ಬಂದು ಕೂತುಬಿಡುತ್ತದೆ. ಪಾದ್ರಿ ಪಾಪಗಳ ಕ್ಷಮೆಯ ಬಗ್ಗೆ ಏನೋ ಹೇಳುತ್ತಿದ್ದರು. ಡೆಲ್ಮರ್ ಗಾಳಿಯ ವೇಗ ಎಷ್ಟಿರಬಹುದು ಎಂದು ಅಂದಾಜು ಮಾಡುತ್ತಿದ್ದ.

ಆರ್ಡಿಸ್ ಬೋಲಿನ್ ಬೆಳಗ್ಗೆ ಏಳೂವರೆಗೆ ಮನೆಗೇ ಫೋನ್ ಮಾಡಿದ್ದರು. ಭಾನುವಾರ ತೊಂದರೆ ಕೊಡುತ್ತಿರುವುದಕ್ಕೆ ಮೊದಲು ಕ್ಷಮೆ ಕೇಳಿದರು, ಆಮೇಲೆ ಲಾವೊನಳ ಮಂಡಿನೋವು ವಿಚಾರಿಸಿದರು, ಆಮೇಲೆ ವಿಷಯಕ್ಕೆ ಬಂದರು. ಹೊಸ ಕಂಪ್ಯೂಟರ್ ತಂದದ್ದಾಯಿತು, ಅದೂ ಹಳೆಯದರ ಹಾಗೇ ಹೇಳುತ್ತಿದೆ, ಇವತ್ತು ಮೂರು ಗಂಟೆಗೆ ಟೆಸ್ಸಾ ಬರುತ್ತಾಳೆ, ಇದು ಕಡೆಯ ಭಾನುವಾರ. ಅವರು ಹೇಳಬೇಕಾದ್ದೇ ಇರಲಿಲ್ಲ. ಆ ಲೆಕ್ಕ ಅವನಿಗೂ ಬಾಯಿಪಾಠವಾಗಿತ್ತು. ಐದು ವರ್ಷ ಆರ್ಡಿಸ್ ತಾವೇ ಸಾಕಿ ಬೆಳೆಸಿದ ಮೊಮ್ಮಗಳು ಟೆಸ್ಸಾಳನ್ನು ಸೊಸೆ ಎರಡನೆಯ ಮದುವೆಯಾಗಿ ಅರಿಜೋನಾಕ್ಕೆ ಕರೆದುಕೊಂಡು ಹೋದಳು. ಮಗ ಎಲ್ಲೋ ಎಣ್ಣೆಬಾವಿಗಳ ಹಿಂದೆ ತಿರುಗುತ್ತಾನೆ, ಅವನನ್ನು ನಂಬುವ ಹಾಗಿಲ್ಲ. ಅಜ್ಜಿ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಯೋಚಿಸಿ, ವಾರಕ್ಕೊಂದು ಗಂಟೆ ಕಂಪ್ಯೂಟರಿನಲ್ಲಿ ಮುಖ ನೋಡಿಕೊಂಡು ಮಾತಾಡಬಹುದು ಎಂದರು. ಆದರೆ ಮೂವತ್ತು ದಿನದೊಳಗೆ ಒಂದು ಸಲವಾದರೂ ಪೂರ್ತಿ ಒಂದು ಗಂಟೆ ಕಡಿಯದೆ ನಡೆಸಿ ತೋರಿಸಬೇಕು, ಇಲ್ಲದಿದ್ದರೆ ಆ ಏರ್ಪಾಡು ಬಿದ್ದುಹೋಗುತ್ತದೆ. ಮೂರು ಭಾನುವಾರ ಆಗಲೇ ಹೋಗಿದ್ದವು. ಬರುತ್ತೇನೆ ಎಂದು ಡೆಲ್ಮರ್ ಫೋನ್ ಇಟ್ಟ. ಹಲ್ಲುಜ್ಜುವಾಗ ಕನ್ನಡಿಯಲ್ಲಿ ತನ್ನ ಬಾಯಿ ನೋಡಿಕೊಂಡ. ಆ ಬಾಯಿಂದ ಎರಡು ಸಲ ಆ ಮಾತು ಬಂದಿತ್ತು: ನಿಮ್ಮ ಕಂಪ್ಯೂಟರೇ ಸರಿಯಿಲ್ಲ.

ಚರ್ಚಿನಿಂದ ನೇರ ವ್ಯಾನ್ ಹತ್ತಿದ, ಕೋಟು ಸಹ ಬಿಚ್ಚಲಿಲ್ಲ. ನಲವತ್ತು ಮೈಲಿ, ಕೊಯ್ದ ಗೋಧಿ ಹೊಲಗಳ ನಡುವೆ ಮಣ್ಣು ರಸ್ತೆ. ಮನೆಮನೆಗೆ ಡಿಶ್ ಹಾಕಿ ಇಂಟರ್ನೆಟ್ ಕೊಡುವ ಈ ಕಸುಬಿನಲ್ಲಿ ಆ ಮಾತನ್ನು ಹೇಳದವರು ಯಾರಿದ್ದಾರೆ? ನಿಜವೂ ಹೌದು, ಹತ್ತರಲ್ಲಿ ಎಂಟು ಸಲ. ಜನ ಕಂಪ್ಯೂಟರನ್ನು ದನದ ಕೊಟ್ಟಿಗೆಯ ರೇಡಿಯೋ ಇಟ್ಟ ಹಾಗೆ ಇಟ್ಟುಕೊಂಡಿರುತ್ತಾರೆ. ಒಂದು ಮನೆಯಲ್ಲಿ ಪೆಟ್ಟಿಗೆಯೊಳಗೆ ಇಲಿ ಮರಿ ಹಾಕಿತ್ತು. ಇನ್ನೊಂದರಲ್ಲಿ ಎಂಟು ವರ್ಷದ ಹಳೆಯ ಯಂತ್ರ, ಏಳಲು ಹದಿನೈದು ನಿಮಿಷ, ಎದ್ದ ಮೇಲೆ ಪರದೆಯ ತುಂಬ ಬರಿಮೈ ಹೆಂಗಸರು, ಮನೆಯೊಡತಿ ಪಕ್ಕದಲ್ಲೇ ನಿಂತು ಇವರೆಲ್ಲ ಯಾರು ಎಂದು ಗಂಡನನ್ನು ಕೇಳುತ್ತಿದ್ದಳು. ಎರಡು ಗಂಟೆ ಏಣಿಯ ಮೇಲೆ ನಿಂತು, ಬೆರಳು ಮರಗಟ್ಟಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಡಿಶ್ ಕೂರಿಸಿ ಒಳಗೆ ಬಂದರೆ ಇಂಥ ಯಂತ್ರ ಎದುರಿಗೆ ಬಾಯಿ ಕಳೆದು ಕೂತಿರುತ್ತದೆ, ಗ್ರಾಹಕ ಸೊಂಟದ ಮೇಲೆ ಕೈ ಇಟ್ಟುಕೊಂಡು, ಏನಪ್ಪಾ ನಿನ್ನ ಇಂಟರ್ನೆಟ್ ಬರೋದೇ ಇಲ್ವಲ್ಲ ಎನ್ನುತ್ತಾನೆ. ಆಗ ತನ್ನ ಲ್ಯಾಪ್‌ಟಾಪ್ ತೆಗೆದು, ತಂತಿ ಅದಕ್ಕೆ ಸಿಕ್ಕಿಸಿ, ನೋಡಿ ಸ್ವಾಮಿ, ನನ್ನದರಲ್ಲಿ ಬರುತ್ತಿದೆ, ಎಂದು ತೋರಿಸಿ ಸಹಿ ಹಾಕಿಸಿಕೊಂಡು ಹೊರಡಬೇಕು. ಮೋಡೆಮ್ ಆಚೆಗೆ ನಮ್ಮದಲ್ಲ ಎಂದು ಆಫೀಸಿನವರು ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದರು. ಗ್ರಾಹಕರ ಪೆಟ್ಟಿಗೆ ಮುಟ್ಟಬಾರದು, ಮುಟ್ಟಿದರೆ ಅದರ ಜನ್ಮಾಂತರದ ಕಾಯಿಲೆಗಳೆಲ್ಲ ನಮ್ಮ ತಲೆಗೆ ಬರುತ್ತವೆ.

ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಪೆಟ್ಟಿಗೆ ಮುಟ್ಟುವ ಕೆಲಸವನ್ನೇ. ಊರ ಮುಖ್ಯ ಬೀದಿಯಲ್ಲಿ ಅವನ ಟೀವಿ ರಿಪೇರಿ ಅಂಗಡಿಯಿತ್ತು. ಕೆಟ್ಟ ಟೀವಿ ಹೊತ್ತು ತಂದವರ ಮುಂದೆಯೇ ಹಿಂಬದಿಯ ಹಲಗೆ ಬಿಚ್ಚಿ, ಮೂಸಿ ನೋಡಿ, ಇಂಥದ್ದು ಸುಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಆರ್ಡಿಸರ ಗಂಡ ಕ್ಲಾರೆನ್ಸ್ ಬದುಕಿದ್ದಾಗ ಅವರ ಮನೆಯ ಟೀವಿಯನ್ನೂ ಹೀಗೇ ರಿಪೇರಿ ಮಾಡಿದ್ದ; ನಾಯಿಮೂಗು ನಿನ್ನದು ಎಂದು ಕ್ಲಾರೆನ್ಸ್ ನಕ್ಕಿದ್ದರು. ಆಮೇಲೆ ಟೀವಿ ರಿಪೇರಿ ಮಾಡಿಸುವುದಕ್ಕಿಂತ ಹೊಸದು ಕೊಳ್ಳುವುದೇ ಸಲೀಸು ಎಂಬ ಕಾಲ ಬಂತು. ಅಂಗಡಿಯ ಜಾಗದಲ್ಲಿ ಈಗ ಹೆಂಗಸರು ಉಗುರಿಗೆ ಬಣ್ಣ ಹಾಕಿಸಿಕೊಳ್ಳುತ್ತಾರೆ. ಅವನು ಮಾತ್ರ ಐವತ್ತೊಂದನೆಯ ವಯಸ್ಸಿನಲ್ಲಿ, ಮೂಸಿ ನೋಡದೆಯೇ, ಮುಚ್ಚಳ ಬಿಚ್ಚದೆಯೇ, ಇದು ಸರಿಯಿಲ್ಲ ಎಂದು ಹೇಳಿ ಹೊರಡುವ ಮನುಷ್ಯನಾದ. ಮೊದಮೊದಲು ಹಾಗೆ ಹೇಳುವಾಗ ನಾಚಿಕೆಯಾಗುತ್ತಿತ್ತು. ಈಗ ಆಗುವುದಿಲ್ಲ. ಆಗದೇ ಇರುವುದಕ್ಕೆ ಕೆಲವು ಸಲ ಗಾಬರಿಯಾಗುತ್ತದೆ, ಅಷ್ಟೆ.

ಆದರೆ ಬೋಲಿನ್ ಮನೆಯಲ್ಲಿ ಕಂಪ್ಯೂಟರಿನದೇನೂ ತಪ್ಪಿರಲಿಲ್ಲ. ಸೆಪ್ಟೆಂಬರಿನ ಆ ದಿನ ಅಲ್ಲಿಗೆ ಹೋದ ಕೂಡಲೇ ಮರಗಳನ್ನು ನೋಡಿದ್ದ. ಈ ಕಸುಬಿನವನ ಕಣ್ಣು ಮನೆಗಿಂತ ಮೊದಲು ತೆಂಕಣ ಆಕಾಶವನ್ನೇ ನೋಡುವುದು. ಮರಗಳಾಚೆ ಬಯಲಿನಲ್ಲಿ ಕಂಬ ನೆಟ್ಟು, ಅಲ್ಲಿಂದ ಮನೆಯವರೆಗೆ ಕಾಲುವೆ ತೋಡಿ ತಂತಿ ಹೂಳಬೇಕು, ಒಂದು ದಿನದ ಕೆಲಸ, ಆ ಗಟ್ಟಿ ನೆಲದಲ್ಲಿ ಒಂದೂವರೆಯಾದರೂ ಆದೀತು. ಅವತ್ತು ಇನ್ನೂ ಎರಡು ಮನೆ ಬಾಕಿಯಿದ್ದವು, ಸೊಂಟ ಹಿಡಿದಿತ್ತು. ಗಾಳಿ ಇರಲಿಲ್ಲ. ಎರಡು ಮರಗಳ ನೆತ್ತಿಯ ನಡುವೆ ಒಂದು ಸಂದು ಕಂಡಿತು. ಗೋಡೆಗೇ ಡಿಶ್ ಬಿಗಿದ, ಸಂದಿನೊಳಗೆ ತೂರಿಸಿದ, ಸಿಗ್ನಲ್ ಬಂತು, ಸಾಕು ಎನ್ನುವಷ್ಟು ಬಂತು. ಎಲ್ಲ ಮುಗಿಸಿ ಒಳಗೆ ಕೂತು ತೋರಿಸುವ ಹೊತ್ತಿಗೆ ಸರಿಯಾಗಿ ಹೊರಗೆ ಎಲೆಗಳು ಸರಸರ ಎಂದವು. ಮೋಡೆಮ್ಮಿನ ದೀಪ ಆರಿತು. ಆರ್ಡಿಸ್ ಬಿಸ್ಕತ್ತು ತರಲು ಅಡಿಗೆಮನೆಗೆ ಹೋಗಿದ್ದರು. ಅವರು ವಾಪಸು ಬರುವುದರೊಳಗೆ ಡೆಲ್ಮರ್ ತನ್ನ ಲ್ಯಾಪ್‌ಟಾಪಿನಲ್ಲಿ ಮೊದಲೇ ಉಳಿಸಿಟ್ಟಿದ್ದ ಒಂದು ಪುಟ ತೆರೆದ. ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವ ಪುಟ. ಈ ಉಪಾಯ ಅವನದೊಬ್ಬನದೇ ಅಲ್ಲ. ಎಲ್ಲರ ಲ್ಯಾಪ್‌ಟಾಪಿನಲ್ಲೂ ಅಂಥದ್ದೊಂದು ಇರುತ್ತದೆ, ಯಾರೂ ಯಾರಿಗೂ ಹೇಳುವುದಿಲ್ಲ. ಬೆಟ್ಟ, ಸರೋವರ, ಯಾವುದೋ ಪ್ರವಾಸದ ಪುಟ. ನೋಡಿ, ನನ್ನದರಲ್ಲಿ ಬರುತ್ತಿದೆ, ನಿಮ್ಮ ಕಂಪ್ಯೂಟರೇ ಸರಿಯಿಲ್ಲ, ಎಂದ. ಆರ್ಡಿಸ್ ಕನ್ನಡಕ ಏರಿಸಿಕೊಂಡು ಆ ಸರೋವರವನ್ನು ತುಂಬ ಹೊತ್ತು ನೋಡಿದರು. ಚೆನ್ನಾಗಿದೆ ಎಂದರು. ಕಂಪ್ಯೂಟರಿನ ದೋಷ ಎಂದು ಅವನು ಬರೆದ ಹಾಳೆಗೆ ಸಹಿ ಹಾಕಿದರು. ಬಿಸ್ಕತ್ತುಗಳನ್ನು ಒಂದು ಡಬ್ಬಿಗೆ ಹಾಕಿ ಕೊಟ್ಟರು.

ಎರಡನೆಯ ಸಲ ಆಫೀಸೇ ಕಳಿಸಿತ್ತು. ಕಳಿಸುವಾಗ ಅಲ್ಲಿನ ಹುಡುಗ, ಅಣ್ಣಾ ಜೋಪಾನ, ಒಂದೇ ಮನೆಗೆ ಮೂರನೇ ಸಲ ಹೋಗಬೇಕಾಗಿ ಬಂದು ತಪ್ಪು ನಿಂದೇ ಅಂತಾದ್ರೆ ಕೆಲಸದವರ ಪಟ್ಟಿಯಿಂದ ಹೆಸರು ತೆಗೀತಾರೆ, ಎಂದು ನೆನಪಿಸಿದ್ದ. ಕಂಪ್ಯೂಟರಿನ ತಪ್ಪು ಎಂದಾದರೆ ಅದು ಲೆಕ್ಕಕ್ಕಿಲ್ಲ. ಆ ದಿನವೂ ಗಾಳಿ ಸುಮಾರಾಗಿತ್ತು, ಸಿಗ್ನಲ್ ಬಂದುಹೋಗಿ ಮಾಡುತ್ತಿತ್ತು. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಸುಲಭವಾಗಿತ್ತು. ಹಾಗಾದರೆ ಎಂಥದ್ದು ತರಬೇಕು ಎಂದು ಆರ್ಡಿಸ್ ಕೇಳಿದರು. ಒಂದು ಚೀಟಿ ಹಿಡಿದು, ಅವನು ಹೇಳಿದ್ದನ್ನೆಲ್ಲ ಶಾಲೆಯ ಹುಡುಗಿಯ ಹಾಗೆ ಬರೆದುಕೊಂಡರು. ಆ ಚೀಟಿಯೇ ಡೆಲ್ಮರನನ್ನು ಇವತ್ತಿನವರೆಗೂ ಸುಡುತ್ತಿತ್ತು. ಬೈದಿದ್ದರೆ, ಅನುಮಾನಪಟ್ಟಿದ್ದರೆ ಇವನೂ ಜಗಳಕ್ಕೆ ನಿಲ್ಲಬಹುದಾಗಿತ್ತು. ನಂಬಿಬಿಟ್ಟರೆ ಮನುಷ್ಯ ಏನು ಮಾಡಬೇಕು?

ವ್ಯಾನಿನಿಂದ ಇಳಿದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಆರ್ಡಿಸ್ ಚರ್ಚಿಗೆ ಹೋಗದೆ ಮನೆಯಲ್ಲೇ ಕಾದಿದ್ದರು, ಆದರೆ ಚರ್ಚಿನ ಬಟ್ಟೆಯಲ್ಲೇ ಇದ್ದರು, ತುಟಿಗೆ ಸ್ವಲ್ಪ ಬಣ್ಣ ಸಹ ಹಚ್ಚಿದ್ದರು. ಮೊಮ್ಮಗಳು ನೋಡುತ್ತಾಳಲ್ಲ. ನಡುಮನೆಗೆ ಕಾಲಿಟ್ಟವನಿಗೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ಗೋಡೆಯ ಬದಿಗಿದ್ದ ಪಿಯಾನೋ ಇರಲಿಲ್ಲ. ಅದು ನಿಂತಿದ್ದ ಕಡೆ ರತ್ನಗಂಬಳಿಯಲ್ಲಿ ನಾಲ್ಕು ಗುಂಡಿ ಬಿದ್ದಿದ್ದವು, ಸುತ್ತ ಬಣ್ಣ ಮಾಸದೆ ಉಳಿದ ಒಂದು ಚೌಕ. ಆ ಚೌಕದ ಮೇಲೆಯೇ ಒಂದು ಮೇಜು, ಮೇಜಿನ ಮೇಲೆ ಹೊಸ ಕಂಪ್ಯೂಟರ್. ಪರದೆಗೆ ಅಂಟಿಸಿ ಬಂದ ತೆಳು ಹಾಳೆಯನ್ನು ಅವರು ಇನ್ನೂ ಕಿತ್ತಿರಲಿಲ್ಲ, ಕೀಳಬಹುದೋ ಬೇಡವೋ ಎಂದು ಡೆಲ್ಮರನನ್ನೇ ಕೇಳೋಣವೆಂದಿದ್ದರಂತೆ. ಪರದೆಯ ಮೇಲೆ, ಆ ಹಾಳೆಯಡಿ, ಅದೇ ಎರಡು ಸಾಲು. ಅವನು ಕೂತ. ಏನೇನೋ ಒತ್ತಿದ. ಒತ್ತುವುದಕ್ಕೇನೂ ಇರಲಿಲ್ಲ. ಕಿಟಕಿಯಾಚೆ ಮರಗಳು ಬಗ್ಗಿ ಏಳುತ್ತಿದ್ದವು, ಎಲೆ ಅರ್ಧ ಉದುರಿದ್ದರೂ ರೆಂಬೆಗಳೇ ಸಾಕಾಗಿತ್ತು. ಹೇಳಿಬಿಡಬೇಕು, ಈಗ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದ. ಕುರ್ಚಿಯ ಹಿಂದೆ ನಿಂತ ಆರ್ಡಿಸ್‌ರ ಉಸಿರು ಅವನ ಕತ್ತಿಗೆ ತಾಕುವಷ್ಟು ಹತ್ತಿರವಿತ್ತು. ಬಾಯಿ ತೆರೆದ.

"ಹೊಸದಾದ್ರೂ ಕೆಲವು ಸಲ ಹೀಗಾಗುತ್ತೆ, ಮಿಸೆಸ್ ಬೋಲಿನ್. ಇದರಲ್ಲೇ ಏನೋ ಸರಿಯಿಲ್ಲ."

ಹೇಳಿದ್ದು ತಾನೇ. ತನ್ನ ಕಿವಿಯಿಂದಲೇ ಕೇಳಿದ. ನಾಲಿಗೆಯನ್ನು ಕತ್ತರಿಸಿ ಬಿಸಾಡಬೇಕು ಅನ್ನಿಸಿತು. ಆರ್ಡಿಸ್ ಕಾಫಿ ತರುತ್ತೇನೆ ಎಂದು ಒಳಗೆ ಹೋದರು. ಅವರು ಹೋದ ಮೇಲೆ ಮೇಜಿನ ಮೇಲೆ ತೆರೆದಿಟ್ಟಿದ್ದ ಕಾಗದ ಕಣ್ಣಿಗೆ ಬಿತ್ತು, ಸೊಸೆಯ ವಕೀಲರದು. ಅಜ್ಜಿಯ ಮನೆಯ ಉಪಕರಣ ಕೆಲಸಕ್ಕೆ ಬಾರದ್ದೆಂದು ಡಿಶ್ ಜೋಡಣೆಗಾರನೇ ಎರಡು ಸಲ ಬರೆದುಕೊಟ್ಟಿರುವುದರಿಂದ, ಮಗುವಿನ ಭೇಟಿಗೆ ಬೇಕಾದ ಅನುಕೂಲ ಮಾಡಿಕೊಳ್ಳುವ ಶಕ್ತಿಯಾಗಲಿ ಆಸಕ್ತಿಯಾಗಲಿ ಆಕೆಗಿಲ್ಲವೆಂದು ತಿಳಿಯಬೇಕಾಗುತ್ತದೆ. ಡೆಲ್ಮರ್ ಮತ್ತೊಮ್ಮೆ ಓದಿದ. ಜೋಡಣೆಗಾರನೇ ಎಂದಿತ್ತು. ಆ ಮಾತು ಇಲ್ಲಿಂದ ಹೊರಟು ಕೋರ್ಟಿನವರೆಗೂ ನಡೆದುಕೊಂಡು ಹೋಗುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅದು ಬಾಗಿಲಿನಿಂದ ವ್ಯಾನಿನವರೆಗೆ ತನ್ನನ್ನು ತಲುಪಿಸಿದರೆ ಸಾಕೆಂದುಕೊಂಡಿದ್ದ.

ಕಾಫಿಗೆ ಕಾಯದೆ ಹಿಂಬಾಗಿಲಿನಿಂದ ಹೊರಗೆ ಬಂದುಬಿಟ್ಟ. ಓಡಿಹೋಗುವುದಕ್ಕೇ ಬಂದನೋ ಏನೋ, ಅವನಿಗೇ ಗೊತ್ತಿಲ್ಲ. ವ್ಯಾನಿನ ಬಾಗಿಲ ಹಿಡಿಯ ಮೇಲೆ ಕೈಯಂತೂ ಹೋಗಿತ್ತು. ಹೊಸ ಕಂಬ ಇಲ್ಲ, ಕಾಂಕ್ರೀಟ್ ಇಲ್ಲ, ಇದ್ದರೂ ಗಟ್ಟಿಯಾಗಲು ಎರಡು ದಿನ ಬೇಕು. ಭಾನುವಾರ ಯಾವ ಅಂಗಡಿ ತೆರೆದಿರುತ್ತದೆ? ಮೂರು ಗಂಟೆ ಮೂರು ಗಂಟೆ ಎಂದು ತಲೆಯೊಳಗೆ ಯಾರೋ ಬಡಿಯುತ್ತಿದ್ದರು. ಅಂಗಳದ ಮೂಲೆಯಲ್ಲಿ ಹುಲ್ಲು ಬೆಳೆದ ಕಡೆ ಟೆಸ್ಸಾಳ ಆಟದ ಕಂಬವಿತ್ತು, ತುದಿಯಿಂದ ಹಗ್ಗ ಇಳಿಬಿಟ್ಟು ಚೆಂಡು ಕಟ್ಟಿ ಇಬ್ಬರು ಎದುರುಬದುರು ನಿಂತು ಹೊಡೆಯುತ್ತಾರಲ್ಲ, ಅದು. ಕ್ಲಾರೆನ್ಸ್ ಹಳೆಯ ಟ್ರಾಕ್ಟರ್ ಟೈರಿನೊಳಗೆ ಕಾಂಕ್ರೀಟ್ ತುಂಬಿ ಕಂಬ ನಿಲ್ಲಿಸಿದ್ದರು. ಡೆಲ್ಮರ್ ಹೋಗಿ ಕಂಬದ ಸುತ್ತ ಕೈಬೆರಳು ಹಿಡಿದು ಅಳತೆ ನೋಡಿದ. ಡಿಶ್‌ನ ಹಿಡಿಗೆ ಸ್ವಲ್ಪ ಸಡಿಲವಾಗುತ್ತದೆ, ಹಳೇ ಟ್ಯೂಬಿನ ರಬ್ಬರು ಸುತ್ತಿದರೆ ಕೂರುತ್ತದೆ.

ಅವನು ಆ ಟೈರನ್ನು ಎತ್ತಿ ಅಂಚಿನ ಮೇಲೆ ನಿಲ್ಲಿಸಲು ಹೆಣಗುತ್ತಿರುವುದನ್ನು ಕಿಟಕಿಯಿಂದ ನೋಡಿದ ಆರ್ಡಿಸ್, ಕ್ಲಾರೆನ್ಸರ ಹಳೆಯ ಕೋಟನ್ನು ಚರ್ಚಿನ ಬಟ್ಟೆಯ ಮೇಲೆ ಹಾಕಿಕೊಂಡು ಬಂದರು. ಏನು, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಅವನು ಕಂಬ ಹಿಡಿದ, ಅವರು ಟೈರನ್ನು ತಳ್ಳಿದರು. ಮರಗಳ ಸಾಲು ದಾಟಿ ಬಯಲಿಗೆ ನೂರೈವತ್ತು ಅಡಿ, ಅಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಎರಡು ಸಲ ಅದು ಕೈತಪ್ಪಿ ಮಗುಚಿತು, ಒಂದು ಸಲ ಅವರ ಕಾಲ ಮೇಲೇ ಬೀಳಬೇಕಿತ್ತು. ಅರವತ್ತಾರು ವರ್ಷದ ಹೆಂಗಸು ಮಂಡಿಯೂರಿ, ಬಣ್ಣ ಹಚ್ಚಿದ ತುಟಿ ಕಚ್ಚಿಕೊಂಡು, ಟೈರಿಗೆ ಭುಜ ಕೊಟ್ಟು ನೂಕುವುದನ್ನು ನೋಡಿ ಅವನಿಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಎಂದು ಅವರು ತಿಳಿಯಲಿ ಎಂದುಕೊಂಡ.

ಕಂಬದ ಮೇಲಿನ ಎರಡು ತುಂಡು ಬಿಚ್ಚಿ, ಗೋಡೆಯಿಂದ ಡಿಶ್ ಇಳಿಸಿ ತಂದು ಕೂರಿಸಿ, ತಂತಿಯನ್ನು ಹುಲ್ಲಿನ ಮೇಲೆಯೇ ಎಳೆದು ಕಿಟಕಿಯಿಂದ ಒಳಗೆ ತೂರಿಸುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ಡಿಶ್ ಜಾಗ ಬದಲಾದರೆ ಕೇಂದ್ರಕ್ಕೆ ಫೋನ್ ಮಾಡಿ, ಅವರು ಅಲ್ಲಿಂದ ಅಳೆದು ಸರಿ ಎಂದರೆ ಮಾತ್ರ ಸಂಪರ್ಕ ಬಿಡುತ್ತಾರೆ. ಇಲ್ಲಿ ಮೊಬೈಲ್ ಹಿಡಿಯುವುದಿಲ್ಲ. ಮನೆಯ ತಂತಿಯಿಲ್ಲದ ಫೋನು ಮರಗಳವರೆಗೂ ಬರುತ್ತಿತ್ತು, ಅದರಾಚೆಗೆ ಇಲ್ಲ. ಹಾಗಾಗಿ ಆರ್ಡಿಸ್ ಮರಗಳ ಬುಡದಲ್ಲಿ ಫೋನ್ ಹಿಡಿದು ನಿಂತರು, ಆ ಕಡೆಯ ಹುಡುಗಿ ಕೇಳಿದ್ದನ್ನು ಇವನಿಗೆ ಕೂಗಿ ಹೇಳುವುದು, ಇವನು ಕೂಗಿದ್ದನ್ನು ಅವಳಿಗೆ ಹೇಳುವುದು. ಇಪ್ಪತ್ತು ನಿಮಿಷ ಬರೀ ಸಂಗೀತ ಕೇಳಿಸಿದರು. ಆಮೇಲೆ ಅಂಕಿಗಳನ್ನು ಕೇಳಿದಳು, ಕೊಟ್ಟ. ಎಡಕ್ಕೆ ಸ್ವಲ್ಪ, ಮೇಲಕ್ಕೆ ಸ್ವಲ್ಪ. ಆಮೇಲೆ ಆರ್ಡಿಸ್ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು.

"ಡಿಶ್ ಯಾಕೆ ಜಾಗ ಬದಲಾಯಿಸಿದ್ರಿ ಅಂತ ಕೇಳ್ತಿದಾಳೆ, ಡೆಲ್ಮರ್. ಕಾರಣ ಬರ್ಕೋಬೇಕಂತೆ."

ಗಾಳಿ ಬೀಸುತ್ತಿತ್ತು. ಕೇಳಿಸಲಿಲ್ಲ ಎಂದು ಸನ್ನೆ ಮಾಡಿದ. ಅವರು ಇನ್ನೂ ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಕೂಗಿದರು. ಮೊದಲ ಸಲವೇ ಕೇಳಿಸದೆ ಏನಾಗಿತ್ತು. ಅವನ ತಲೆಯೊಳಗೆ ಆಫೀಸಿನ ಹುಡುಗ, ಪಟ್ಟಿ, ಲಾವೊನಳ ಮಂಡಿಯ ಆಪರೇಷನ್ನು ಎಲ್ಲ ಒಟ್ಟಿಗೆ ತಿರುಗಿದವು. ಗಂಟೆ ಎರಡು ನಲವತ್ತು. ಕಾರಣ ಹೇಳದಿದ್ದರೆ ಆ ಹುಡುಗಿ ಮುಂದಕ್ಕೆ ಹೋಗುವುದಿಲ್ಲ.

"ಮರ," ಎಂದು ಕೂಗಿದ.

ಆರ್ಡಿಸ್ ಫೋನಿಗೆ ಮರ ಎಂದರು. ಆ ಕಡೆ ಏನು ಕೇಳಿದಳೋ, ಸ್ವಲ್ಪ ಹೊತ್ತು ಆಲಿಸಿ ಮತ್ತೆ ಇವನ ಕಡೆ ತಿರುಗಿದರು. ಮರಗಳು ಯಾವಾಗಿಂದ ಇವೆ ಅಂತ ಕೇಳ್ತಿದಾಳೆ, ಎಂದರು. ಡೆಲ್ಮರ್ ಬಿಗಿಯಾಗೇ ಇದ್ದ ಬೋಲ್ಟನ್ನು ಮತ್ತೆ ಬಿಗಿಯತೊಡಗಿದ. "ಇರ್ಲಿ ಬಿಡು, ನಾನೇ ಹೇಳ್ದೆ. ಅರವತ್ತು ವರ್ಷದಿಂದ ಅಂತ." ಅವರ ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬೆಳೆಯ ವಿಷಯ ಹೇಳಿದ ಹಾಗೆ ಹೇಳಿದರು. ಅಂಗಡಿಯ ಬಾಗಿಲಿಗೆ ಬೀಗ ಹಾಕಿದ ದಿನವೂ ಡೆಲ್ಮರನಿಗೆ ಇಷ್ಟು ಅವಮಾನವಾಗಿರಲಿಲ್ಲ.

ಸಂಪರ್ಕ ಬಂದದ್ದು ಮೂರಕ್ಕೆ ನಾಲ್ಕು ನಿಮಿಷವಿರುವಾಗ. ಬಂತು ಎಂದು ಆರ್ಡಿಸ್ ಕಿಟಕಿಯಿಂದ ಕೈ ಬೀಸಿದ ಕೂಡಲೇ ಒಂದು ಬೀಸುಗಾಳಿ ಬಂದು ಟೈರು ಅಲುಗಿತು, ಕೈಬೀಸು ನಿಂತುಹೋಯಿತು. ನೆಲ ಸಮವಿರಲಿಲ್ಲ. ಡಿಶ್ ಗಾಳಿಯನ್ನು ಎದುರು ಹಿಡಿದು ಇಡೀ ಕಂಬವನ್ನೇ ತೂಗುತ್ತಿತ್ತು. ಡೆಲ್ಮರ್ ಟೈರಿನ ಮೇಲೆ ಹತ್ತಿ, ಕಂಬವನ್ನು ಎರಡೂ ತೋಳಿನಿಂದ ತಬ್ಬಿ, ಗಲ್ಲವನ್ನು ಡಿಶ್‌ನ ಬೆನ್ನಿಗೆ ಒತ್ತಿ ನಿಂತ. ದೀಪ ಮತ್ತೆ ಬಂದಿರಬೇಕು. ಆರ್ಡಿಸ್ ಕಿಟಕಿಯಲ್ಲಿ ಕಾಣಿಸಿಕೊಂಡು, ಹಾಗೇ ಇರು ಎಂದು ಎರಡೂ ಅಂಗೈ ತೋರಿಸಿದರು. ಮೊದಲೇ ಮಾತಾಗಿತ್ತು, ಮಧ್ಯೆ ಕಡಿದುಹೋದರೆ ಅವರು ಕಿಟಕಿಯ ಪರದೆ ಎಳೆಯುವುದು ಎಂದು. ಆಮೇಲೆ ಅವರು ಒಳಗೆ ಸರಿದರು. ಮೂರು ಗಂಟೆಯಾಗಿತ್ತು.

ಕಡಿಯದೆ ಒಂದು ಗಂಟೆ. ಅವನಿಗೆ ಕಾಣುತ್ತಿದ್ದದ್ದು ಒಂದು ಕಿಟಕಿ, ಹಳದಿ ಪರದೆಯ ಒಂದು ಅಂಚು, ಅಷ್ಟೆ. ಕೈಗವಸು ವ್ಯಾನಿನಲ್ಲಿ ಉಳಿದಿತ್ತು. ಮೊದಲ ಹತ್ತು ನಿಮಿಷ ಅವನು ದೇವರನ್ನು ಬೇಡಿಕೊಂಡ, ಬೆಳಗ್ಗೆ ಚರ್ಚಿನಲ್ಲಿ ಬೇಡದೇ ಉಳಿದದ್ದನ್ನೆಲ್ಲ. ಆಮೇಲೆ ಬೇಡುವ ಶಕ್ತಿಯೂ ಉಳಿಯಲಿಲ್ಲ. ಬೆರಳಿನ ಸ್ಪರ್ಶ ಹೋಯಿತು. ಮೂಗಿನಿಂದ ನೀರು ಇಳಿದು ತುಟಿಗೆ ಬರುತ್ತಿತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ. ಸೊಂಟದ ಹಳೆಯ ನೋವು ಎದ್ದು ಕಾಲಿಗೆ ಇಳಿಯಿತು. ಎದೆ ಏರಿಳಿದರೆ ಡಿಶ್ ಅಲುಗುತ್ತದೆಯೇನೋ ಎಂದು ಉಸಿರನ್ನು ಚಿಕ್ಕದು ಮಾಡಿಕೊಂಡ. ಒಮ್ಮೆ ಪರದೆ ಅಲುಗಿತು.  ತಂತಿ ತೂರಿಸಿದ ಸಂದಿನಿಂದ ಗಾಳಿ ಒಳಹೊಕ್ಕಿರಬೇಕು, ಅಷ್ಟೇ ಇರಬೇಕು, ದೇವರೇ ಅಷ್ಟೇ ಇರಲಿ. ಪರದೆ ಮತ್ತೆ ತನ್ನ ಜಾಗಕ್ಕೆ ಹೋಯಿತು. ಈ ಕೆಲಸಕ್ಕೆ ಸೇರಿ ಆರು ವರ್ಷದಲ್ಲಿ, ಡಿಶ್ ಕೂರಿಸಿದ ಮೇಲೆ ಒಂದು ಗಂಟೆ ಯಾವ ಮನೆಯಲ್ಲೂ ಅವನು ನಿಂತಿದ್ದಿಲ್ಲ. ಒಳಗಿನವರು ಆಮೇಲೆ ಯಾರೊಂದಿಗೆ ಮಾತಾಡಿದರು, ಏನು ನೋಡಿದರು, ಒಂದೂ ಗೊತ್ತಿಲ್ಲ. ನೂರಾರು ಮನೆ. ಅದರಲ್ಲಿ ಎಷ್ಟು ಮನೆಯಲ್ಲಿ ಸರೋವರದ ಪುಟ ತೋರಿಸಿದ್ದೆ ಎಂದು ಎಣಿಸಲು ಹೋಗಿ ಹನ್ನೊಂದಕ್ಕೆ ನಿಲ್ಲಿಸಿದ. ಹನ್ನೊಂದರ ಮೇಲೂ ಇದ್ದವು.

ಹಿಂಬಾಗಿಲು ತೆರೆದ ಸದ್ದಾಯಿತು. ಆರ್ಡಿಸ್ ಕೋಟು ಹೊದ್ದು ಹುಲ್ಲಿನಲ್ಲಿ ನಡೆದು ಬರುತ್ತಿದ್ದರು. ಮುಖ ನೋಡಿ ಏನೂ ಹೇಳುವ ಹಾಗಿರಲಿಲ್ಲ. ಕಡಿದುಹೋಯಿತೇ ಎಂದು ಕೇಳಬೇಕೆಂದರೆ ಅವನ ದವಡೆಯೇ ಮರಗಟ್ಟಿತ್ತು. ಅವರು ಹತ್ತಿರ ಬಂದು ನಿಂತು, ನಾಲ್ಕು ಗಂಟೆ ಹೊಡೀತು, ಒಂದು ಸಲಾನೂ ಕಡೀಲಿಲ್ಲ, ಎಂದರು. ಸೊಸೆ ಆ ಕಡೆ ಗಡಿಯಾರ ಮುಂದಿಟ್ಟುಕೊಂಡೇ ಕೂತಿದ್ದಳಂತೆ, ಆಯಿತು ಎಂದು ಅವಳೇ ಒಪ್ಪಿಕೊಂಡಳಂತೆ. ಹುಡುಗಿ ಮೊದಲ ಕಾಲು ಗಂಟೆ ಬಾಯೇ ಬಿಡಲಿಲ್ಲವಂತೆ, ಮೂರು ವಾರ ಅಜ್ಜಿ ಬರಲಿಲ್ಲವೆಂದು ಸಿಟ್ಟು. ಆಮೇಲೆ ಬಿದ್ದ ಹಲ್ಲಿನ ಜಾಗ ತೋರಿಸಿದಳಂತೆ. ಈಗ ತನ್ನ ಕೋಣೆ ತೋರಿಸುತ್ತೇನೆ ಎಂದು ಏನೋ ತರಲು ಓಡಿದ್ದಾಳೆ, ಅವಳ ಅಮ್ಮ ಇನ್ನೂ ಸ್ವಲ್ಪ ಹೊತ್ತು ಮಾತಾಡಲಿ ಎಂದಿದ್ದಾಳೆ.  ಸಂತೋಷ ಅವನ ಮೈಯೊಳಗೆ ಬರಲು ನೋಡಿತು, ಬರಲಿಲ್ಲ.

"ಮೂರು ವಾರ ಯಾಕೆ ಬರ್ಲಿಲ್ಲ ಅಂತ ಕೇಳಿದ್ಲು. ಕಂಪ್ಯೂಟರ್ ಸರಿ ಇರ್ಲಿಲ್ಲ ಅಂತ ಹೇಳ್ದೆ," ಎಂದರು.

ಡೆಲ್ಮರ್ ಡಿಶ್‌ಗೆ ಒತ್ತಿದ ಗಲ್ಲವನ್ನು ತೆಗೆಯದೆಯೇ, ಅವರ ಕಡೆ ನೋಡಲೂ ಆಗದೆಯೇ ಹೇಳಿದ. "ಸರಿಯಾಗೇ ಇತ್ತು, ಮಿಸೆಸ್ ಬೋಲಿನ್. ಹಳೇದೂ ಸರಿಯಾಗೇ ಇತ್ತು."

"ಗೊತ್ತು."

"ಯಾವಾಗಿಂದ?"

"ಆ ಸರೋವರ ತೋರಿಸ್ದಾಗ್ಲೇ ಅನುಮಾನ ಬಂತು. ಎರಡನೇ ಸಲ ನೀನು ಹೋದ ಮೇಲೆ ಹಳೇದನ್ನ ಪೇಟೆಗೆ ತಗೊಂಡು ಹೋಗಿದ್ದೆ. ಅಂಗಡಿಯವನು ನನ್ನೆದುರಿಗೇ ಅವನ ತಂತಿಗೆ ಸಿಕ್ಕಿಸಿ ತೋರಿಸ್ದ. ಏನೂ ಆಗಿಲ್ಲ ಅಜ್ಜಿ, ಇನ್ನೂ ನಾಲ್ಕು ವರ್ಷ ಓಡುತ್ತೆ ಅಂದ."

"ಮತ್ತೆ ಹೊಸದು ಯಾಕೆ..." ಮಾರಿದ ಪಿಯಾನೋ ಬಿಟ್ಟುಹೋದ ರತ್ನಗಂಬಳಿಯ ನಾಲ್ಕು ಗುಂಡಿಗಳು ಕಣ್ಣೆದುರು ಬಂದು ಅವನಿಗೆ ಪ್ರಶ್ನೆ ಮುಗಿಸಲಾಗಲಿಲ್ಲ.

"ನಿನ್ನ ಬಾಯಲ್ಲಿ ಯಾವ ನೆಪಾನೂ ಉಳೀದೇ ಇರ್ಲಿ ಅಂತ," ಎಂದರು ಆರ್ಡಿಸ್. ಕೋಟನ್ನು ಬಿಗಿಯಾಗಿ ಹೊದ್ದುಕೊಂಡು, "ಆದ್ರೂ ಉಳಿದಿತ್ತು," ಎಂದರು.

ಬೈಯಬಹುದಿತ್ತಲ್ಲ, ಅವತ್ತೇ ಆಫೀಸಿಗೆ ಹೇಳಬಹುದಿತ್ತಲ್ಲ ಎಂದು ಅವನು ಏನೇನೋ ತೊದಲಿದ. ಹೇಳಿದ್ರೆ ಇನ್ಯಾರನ್ನ ಕಳಿಸ್ತಿದ್ರು, ನೂರೈವತ್ತು ಮೈಲಿ ಒಳಗೆ ನೀನೊಬ್ಬನೇ ಇರೋದು, ಬೈದಿದ್ರೆ ನೀನು ಬರ್ತಿದ್ಯಾ, ಎಂದು ಕೇಳಿದರು.  ಬರುತ್ತಿರಲಿಲ್ಲ ಎಂದು ಡೆಲ್ಮರನಿಗೆ ಗೊತ್ತಿತ್ತು. ಏನನ್ನು ನಂಬಿಕೆಯ ಭಾರ ಎಂದುಕೊಂಡು ಒಂದು ತಿಂಗಳು ಹೊತ್ತು ತಿರುಗಿದನೋ ಅದು ನಂಬಿಕೆಯೇ ಅಲ್ಲ. ಬಿಸ್ಕತ್ತು, ಚೀಟಿ, ಲಾವೊನಳ ಮಂಡಿಯ ವಿಚಾರಣೆ, ಎಲ್ಲ ಒಂದು ಹೆದರಿದ ನಾಯಿಯನ್ನು ಹತ್ತಿರ ಕರೆಯಲು ಮಾಡಿದ್ದು. ಅವನ ಎದೆ ಒಮ್ಮೆ ಜೋರಾಗಿ ಏರಿತು, ಕಂಬ ಅಲುಗಿತು.

"ಅಲ್ಲಾಡ್ಸಬೇಡ," ಎಂದರು ಆರ್ಡಿಸ್, ತಟ್ಟನೆ, ಮನೆಯ ಕಡೆ ನೋಡಿ. "ಅವಳು ಬಂದಿರ್ತಾಳೆ. ನಾನು ಬಂದು ಹೇಳೋ ತನಕ ಬಿಡಬೇಡ."

ಹೋದರು. ಬಾಗಿಲು ಮುಚ್ಚಿತು. ಡೆಲ್ಮರ್ ತೋಳುಗಳನ್ನು ಇನ್ನಷ್ಟು ಬಿಗಿ ಮಾಡಿಕೊಂಡ. ನಾಲ್ಕೂವರೆಯಾಗಿರಬೇಕು, ಆಮೇಲೆ ಐದು ಆಗಿರಬೇಕು. ಗಡಿಯಾರ ನೋಡಲು ಕೈ ತಿರುಗಿಸುವ ಹಾಗಿರಲಿಲ್ಲ. ಗಾಳಿ ಮೆಲ್ಲಗೆ ಇಳಿಯಿತು. ಮರಗಳು ನಿಂತವು. ಈಗ ಹಿಡಿಯದಿದ್ದರೂ ಡಿಶ್ ತಾನಾಗಿ ನಿಲ್ಲುತ್ತದೆ ಎಂದು ಅವನ ಕಸುಬಿನ ಬುದ್ಧಿ ಹೇಳಿತು. ಅಡಿಗೆಮನೆಯಲ್ಲಿ ದೀಪ ಹತ್ತಿತು, ಪಾತ್ರೆಯ ಸದ್ದು ಕೇಳಿಸಿತು, ನಲ್ಲಿಯಿಂದ ನೀರು ಬಿಟ್ಟ ಸದ್ದು. ಮಾತು ಮುಗಿದು ಎಷ್ಟು ಹೊತ್ತಾಯಿತೋ. ಒಂದು ಸಲ ಕಿಟಕಿಯಲ್ಲಿ ಆರ್ಡಿಸ್ ಕಾಣಿಸಿಕೊಂಡು ಅವನನ್ನು ನೋಡಿದರು, ನೋಡಿದ್ದು ಅವನಿಗೂ ಕಂಡಿತು. ಹೊರಗೆ ಬರಲಿಲ್ಲ. ಬಿಡು ಎಂದು ಯಾರೂ ಹೇಳದಿದ್ದರಿಂದ ಅವನು ಹಿಡಿದುಕೊಂಡೇ ನಿಂತಿದ್ದ.